ಹಿಂದಿನ ಅಚ್ಚು

ಮೋಟಾರು ಗಾಡಿಯ ಬಲವನ್ನು ಕುರಿತು ಮಾತು ಬಂದೊಡನೆ ಎಲ್ಲರ ದೃಷ್ಟಿಯೂ ಮುಂದಿನ ಮುಚ್ಚಳದ ಕಡೆಗೆ ಹೊರಳುವುದು ಲೋಕರೂಢಿ. ಎಂಜಿನ್ನು ಅಲ್ಲಿರುತ್ತದೆ, ಅದು ಗರ್ಜಿಸುತ್ತದೆ, ಅದರ ಸಾಮರ್ಥ್ಯವನ್ನು ಹೇಳಿಕೊಳ್ಳುವುದಕ್ಕೆ ಕುದುರೆಗಳ ಲೆಕ್ಕವೂ ಉಂಟು. ಹಿಂದಿನ ಗಾಲಿಗಳ ನಡುವೆ, ಎಣ್ಣೆ ಧೂಳುಗಳ ಮಡ್ಡಿಯನ್ನು ಮೆತ್ತಿಕೊಂಡು, ಕುಂಬಳಕಾಯಿಯಂತೆ ತೂಗಿಕೊಂಡಿರುವ ಡಿಫರೆನ್ಷಿಯಲ್ ಎಂಬ ಹಲ್ಲುಗಾಲಿಗಳ ಕೂಟಕ್ಕೆ ಆ ಕೀರ್ತಿಯಿಲ್ಲ. ಹಳೆಯ ಕಾರಿಗೆ ದೊಡ್ಡ ಎಂಜಿನ್ನು ಕೂಡಿಸಿ ಪಂದ್ಯದ ಗಾಡಿ ಮಾಡಬೇಕೆಂದು ಯಶವಂತಪುರದ ರಿಪೇರಿ ಶೆಡ್ಡುಗಳಿಗೆ ಬರುವ ಹೆಬ್ಬಾಳ, ಆರ್. ಟಿ. ನಗರಗಳ ತರುಣನು ಸಂಬಳದ ಉಳಿತಾಯವನ್ನೆಲ್ಲ ಎಂಜಿನ್ನಿಗೆ ಸುರಿದು, ಮಿಕ್ಕ ಚಿಲ್ಲರೆಯನ್ನು ಹಿಂದಿನ ಅಚ್ಚಿಗೆ ಎತ್ತಿಡುತ್ತಾನೆ. ಬಲ್ಲ ಮೇಸ್ತ್ರಿಯಾದರೆ ಎಂಜಿನ್ನಿನ ಮಾತನ್ನೇ ಎತ್ತುವುದಿಲ್ಲ. “ಟಯರು ಯಾವುದು ಹಾಕಿಸ್ತೀಯಪ್ಪ?” ಎಂದು ಕೇಳುತ್ತಾನೆ. ಪ್ರಶ್ನೆ ಅಪ್ರಸ್ತುತವೆಂದು ತೋರಬಹುದು; ಆದರೆ ಇಡೀ ವಿಚಾರದ ಕೀಲು ಅದರಲ್ಲಿಯೇ ಇದೆ.

ಗಾಡಿ ತಿರುಗುವಾಗ ಹೊರಗಣ ಗಾಲಿ ಒಳಗಣ ಗಾಲಿಗಿಂತ ಹೆಚ್ಚು ದೂರ ಉರುಳಬೇಕು. ಎರಡರ ನಡುವಣ ಅಂತರ ೧.೨ ಮೀಟರಾದರೆ, ಒಂದು ಪೂರ್ಣ ಸುತ್ತಿಗೆ ಹೊರಗಿನದು ಸುಮಾರು ೭.೫ ಮೀಟರ್ ಹೆಚ್ಚು ಓಡುತ್ತದೆ. ವೃತ್ತ ಹಿರಿದಾಗಲಿ ಕಿರಿದಾಗಲಿ ಈ ವ್ಯತ್ಯಾಸ ಬದಲಾಗದೆಂಬುದು ಗಣಿತದ ಒಂದು ಸೊಗಸು. ಎರಡು ಗಾಲಿಗಳನ್ನೂ ಒಂದೇ ಬಲದಿಂದ ನೂಕುತ್ತ, ಅವಕ್ಕೆ ಬೇರೆ ಬೇರೆ ವೇಗವನ್ನು ಅನುಮತಿಸುವ ಈ ಉಪಾಯವನ್ನು ಫ್ರಾನ್ಸಿನ ಒನೆಸಿಫೋರ್ ಪೆಕ್ಕರ್ ೧೮೨೭ರಲ್ಲಿ ಉಗಿಬಂಡಿಗಾಗಿ ರೂಪಿಸಿದನು. ಉದ್ದನೆಯ ಶಾಫ್ಟಿನ ತುದಿಯ ಸಣ್ಣ ಪಿನಿಯನ್ನು ದೊಡ್ಡ ಕ್ರೌನ್ ವೀಲನ್ನು ತಿರುಗಿಸುತ್ತದೆ. ಅದರೊಳಗಿನ ಪುಟ್ಟ ಹಲ್ಲುಗಾಲಿಗಳು ಬಲವನ್ನು ಎಡಬಲಕ್ಕೆ ಹಂಚುತ್ತವೆ. ಎಂಜಿನ್ನಿನ ತಿರುಚುಬಲ ಗೇರಿನಲ್ಲಿ ಒಮ್ಮೆ, ಇಲ್ಲಿ ಇನ್ನೊಮ್ಮೆ ಗುಣಿತವಾಗುವುದರಿಂದ, ಗಾಡಿಯ ಅತ್ಯಂತ ದೊಡ್ಡ ಹೊರೆ ಬೀಳುವುದು ಈ ಅಲಕ್ಷಿತ ಸ್ಥಾನದ ಮೇಲೆಯೇ.

ಉದಾಹರಣೆಗೆ ಬೆಂಗಳೂರಿನ ಕಾರನ್ನೇ ತೆಗೆದುಕೊಳ್ಳಬಹುದು. ೧೯೮೦ರ ದಶಕದಲ್ಲಿ ಇಲ್ಲಿಯ ಸಿಪಾನಿ ಆಟೋಮೊಬೈಲ್ಸ್ ಸಂಸ್ಥೆ, ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬುದನ್ನು ಅನುಸರಿಸಿ, ಡಾಲ್ಫಿನ್ ಎಂಬ ಪುಟ್ಟ ಕಾರನ್ನು ತಯಾರಿಸಿತು. ಮೈ ಫೈಬರ್ ಗ್ಲಾಸಿನದು. ಎಂಜಿನ್ನು ೮೪೮ ಸಿ.ಸಿ.; ನೂಕುವುದು ಹಿಂದಿನ ಗಾಲಿ. ೧೯೮೩ರ ಡಿಸೆಂಬರಿನಲ್ಲಿ ಬಂದ ಮಾರುತಿಯ ಮುಂದೆ ಅದಕ್ಕೆ ಅಂಗಡಿಯಲ್ಲಿ ಉಳಿಗಾಲವಾಗಲಿಲ್ಲ. ಆದರೂ ಹಗುರವೆಂಬ ಗುಣದಿಂದ ಪಂದ್ಯದವರ ಪ್ರೀತಿಯನ್ನು ಸಂಪಾದಿಸಿತು. ಇಂಥ ಗಾಡಿಗೆ ಒಬ್ಬನು ಮಾರುತಿ ಜಿಪ್ಸಿಯ ೧೨೯೮ ಸಿ.ಸಿ. ಎಂಜಿನ್ನನ್ನು ಕೂಡಿಸಲು ಹೊರಟನೆಂದು ಇಟ್ಟುಕೊಳ್ಳೋಣ.

ಒಂದು ಮೀಟರ್ ಉದ್ದದ ಸನ್ನೆಗೋಲಿನ ತುದಿಗೆ ತೂಗುಬಿಟ್ಟ ಕಿಲೋಗಳಲ್ಲಿ ಲೆಕ್ಕ ಮಾಡಿದರೆ, ಮೊದಲಿನ ಎಂಜಿನ್ನಿನ ತಿರುಚುಬಲ ಸುಮಾರು ೬, ಹೊಸದರದು ೧೦. ಮೊದಲನೆಯ ಗೇರು ೩.೫ ಪಾಲು, ಹಿಂದಿನ ಅಚ್ಚು ೪ ಪಾಲು ಹೆಚ್ಚಿಸಿದರೆ, ಅಚ್ಚಿಗೆ ತಲುಪಬೇಕಾದುದು ಕ್ರಮವಾಗಿ ೮೪ ಮತ್ತು ೧೪೦. ತರುಣನು ಇಲ್ಲಿಗೆ ನಿಂತು, ಒಂದೂವರೆ ಪಾಲಿಗಿಂತ ಗಟ್ಟಿಯಾದ ಅಚ್ಚು ಬೇಕೆಂದು ತೀರ್ಮಾನಿಸುತ್ತಾನೆ. ಆದರೆ ರಸ್ತೆಯ ಕಡೆಯಿಂದಲೂ ಒಂದು ಲೆಕ್ಕವುಂಟು. ಹಿಂದಿನ ಗಾಲಿಗಳ ಮೇಲೆ ಬಿದ್ದ ಭಾರ ೩೫೦ ಕಿಲೋ, ಗಾಲಿಯ ತ್ರಿಜ್ಯ ಕಾಲು ಮೀಟರ್, ಟಯರಿನ ಹಿಡಿತ ಭಾರದಷ್ಟೇ ಎಂದಾದರೆ, ರಸ್ತೆ ಎದುರು ನಿಲ್ಲಬಲ್ಲುದು ೮೭ರಷ್ಟು ಮಾತ್ರ. ಅದರಾಚೆಗೆ ಟಯರು ಜಾರುತ್ತದೆ. ಜಾರಿದ ಬಲ ಹಲ್ಲನ್ನು ಮುರಿಯುವುದಿಲ್ಲ. ಹಗುರವಾದ ಗಾಡಿಯಲ್ಲಿ ಸಾಧಾರಣ ಟಯರೇ ಅಚ್ಚಿನ ಕಾವಲುಗಾರ. ಪಂದ್ಯದ ಅಗಲವಾದ ಟಯರನ್ನು ಹಾಕಿ, ಭಾರವನ್ನು ೪೨೦ಕ್ಕೆ ಏರಿಸಿ, ಹಿಡಿತವನ್ನು ೧.೨ರಷ್ಟಾಗಿಸಿದರೆ, ಆ ೮೭ ಕೂಡಲೆ ೧೨೬ ಆಗುತ್ತದೆ. ಅಚ್ಚನ್ನು ಮುರಿಯಿಸಿದ್ದು ಎಂಜಿನ್ನೋ ಟಯರೋ ಎಂಬುದು ಆಗ ತಿಳಿಯುತ್ತದೆ.

ಇದು ನಿಶ್ಚಲವಾದ ಲೆಕ್ಕ. ಎಂಜಿನ್ನನ್ನು ರೊಯ್ಯೆಂದು ಏರಿಸಿ ಕ್ಲಚ್ಚನ್ನು ಥಟ್ಟನೆ ಬಿಟ್ಟರೆ, ಅದರ ಭಾರಚಕ್ರದಲ್ಲಿ ತುಂಬಿದ ವೇಗವೆಲ್ಲ ಸುತ್ತಿಗೆಯ ಪೆಟ್ಟಾಗಿ ಹಲ್ಲಿನ ಮೇಲೆ ಬೀಳುತ್ತದೆ. ಜಾರುತ್ತಿದ್ದ ಗಾಲಿ ಒಮ್ಮೆಗೇ ನೆಲ ಕಚ್ಚಿದಾಗಲೂ ಹಾಗೆಯೇ. ಅಲ್ಲದೆ ಎರಡನೆಯ, ಮೂರನೆಯ ಗೇರುಗಳಲ್ಲಿ ಟಯರಿನ ಕಾವಲು ಉಪಯೋಗಕ್ಕೆ ಬಾರದು. ಅಲ್ಲಿ ಹೊಸ ಎಂಜಿನ್ನಿನ ಹೆಚ್ಚುವರಿ ಹೊರೆ ಪೂರ್ತಿಯಾಗಿ, ಗಂಟೆಗಟ್ಟಲೆ, ಅಚ್ಚಿಗೆ ದಕ್ಕುತ್ತದೆ. ಮುರಿಯದ ಉಕ್ಕು ದಣಿಯುತ್ತದೆ. ಖರ್ಚು ಉಳಿಸಲೆಂದು ಒಳಗಿನ ಪುಟ್ಟ ಗಾಲಿಗಳನ್ನು ಬೆಸುಗೆ ಹಾಕಿ ಒಂದಾಗಿಸುವ ಪದ್ಧತಿಯೊಂದಿದೆ. ಅದು ಮಣ್ಣಿನ ಓಟದಲ್ಲಿ ನಡೆದೀತು. ಒಣಗಿದ ಡಾಂಬರಿನ ಮೇಲೆ ಪ್ರತಿಯೊಂದು ತಿರುವಿನಲ್ಲಿಯೂ ಆ ದೂರದ ವ್ಯತ್ಯಾಸದ ಸಾಲವನ್ನು ಅಚ್ಚಿನ ದಂಡಗಳು ಮೈ ತಿರುಚಿಕೊಂಡು ತೀರಿಸಬೇಕಾಗುತ್ತದೆ.

ದೊಡ್ಡವರು ಏನು ಮಾಡಿದರೆಂಬುದಕ್ಕೆ ಪ್ರಸಿದ್ಧವಾದ ಸಾಕ್ಷಿಯಿದೆ. ೧೯೬೨ರಲ್ಲಿ ಅಮೆರಿಕದ ಕ್ಯಾರೊಲ್ ಶೆಲ್ಬಿ, ಇಂಗ್ಲೆಂಡಿನ ಎ. ಸಿ. ಕಂಪೆನಿಯ ಏಸ್ ಎಂಬ ಹಗುರ ಕಾರಿಗೆ ಫೋರ್ಡಿನ ಎಂಟು ಸಿಲಿಂಡರಿನ ಎಂಜಿನ್ನನ್ನು ಕೂಡಿಸಿ ಕೋಬ್ರಾವನ್ನು ಸೃಷ್ಟಿಸಿದನು. ಜನ ಎಂಜಿನ್ನನ್ನು ನೆನೆಯುತ್ತಾರೆ. ಆದರೆ ಆ ಬಲಕ್ಕೆ ತಾಳಲೆಂದು ಹಿಂದಿನ ಡಿಫರೆನ್ಷಿಯಲನ್ನು ಬದಲಿಸಿ, ಜಾಗ್ವಾರ್ ಕಾರಿನಲ್ಲಿದ್ದಂಥ ಸಾಲಿಸ್‌ಬರಿ ಅಚ್ಚನ್ನು ಹಾಕಿದರೆಂಬುದನ್ನು ಬಲ್ಲವರು ಕಡಮೆ.

ಇಂಥ ಹಿಂದಿನ ಅಚ್ಚುಳ್ಳ ಹಳೆಯ ಕಾರುಗಳಲ್ಲಿ ಬಹುಮಟ್ಟಿಗೆ ಅಚ್ಚಿನ ದಂಡವೇ ಗಾಲಿಯನ್ನು ತಿರುಗಿಸುತ್ತದೆ, ಅದೇ ಗಾಡಿಯ ಭಾರವನ್ನೂ ಹೊರುತ್ತದೆ. ಬೇರಿಂಗಿನ ಹೊರಗೆ ಅದು ಮುರಿದರೆ, ಗಾಲಿಯು ಗಾಡಿಯ ಅಪ್ಪಣೆಯನ್ನು ಕೇಳದೆ ತನ್ನ ದಾರಿ ಹಿಡಿಯುತ್ತದೆ. ಲಾರಿಯಲ್ಲಿ ಭಾರ ಹೊರುವುದು ಹೊರಗಣ ಕೊಳವೆಯಾದ್ದರಿಂದ ಅಲ್ಲಿ ದಂಡ ಮುರಿದರೂ ಗಾಲಿ ನಿಲ್ಲುತ್ತದೆ. ಹೆಬ್ಬಾಳದ ಮೇಲುಸೇತುವೆಯ ಮೇಲೆ ಹಿಂದೆ ಬರುತ್ತಿರುವ ಸ್ಕೂಟರಿನವನಿಗೆ ಈ ವ್ಯತ್ಯಾಸ ಕೇವಲ ಯಂತ್ರಶಾಸ್ತ್ರದ ವಿಷಯವಲ್ಲ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಪ್ರಕರಣ ಇಂಥ ಮಾರ್ಪಾಟನ್ನು ತಡೆಯುತ್ತದೆ. ತಯಾರಕನ ವಿವರಗಳಿಗೆ ವಿರುದ್ಧವಾದ ಬದಲಾವಣೆ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ ೨೦೧೯ರಲ್ಲಿ ತೀರ್ಪಿತ್ತಿದೆ. ಆದುದರಿಂದ ಇಂಥ ಗಾಡಿಯು ಬಳ್ಳಾರಿ ರಸ್ತೆಯದಲ್ಲ. ಲಾರಿಯೇರಿ ಚೆನ್ನೈಯ ಇರುಂಗಾಟುಕೋಟೆಗೋ ಕೊಯಮತ್ತೂರಿನ ಓಟದ ಅಂಗಣಕ್ಕೋ ಹೋಗತಕ್ಕದ್ದು.

ಹಾಗೆ ಹೋಗುವುದಕ್ಕೂ ಅಚ್ಚು ಬೇಕಷ್ಟೆ. ಶಿವಾಜಿನಗರದ ಗುಜರಿಯಲ್ಲಿ ಮೊದಲು ಕೈಗೆ ತೋರುವುದು ಹಳೆಯ ಜೀಪಿನದು: ಗಟ್ಟಿ, ಅಗ್ಗ. ಆದರೆ ಅದರ ಗುಣಿತ ಐದರ ಆಸುಪಾಸು. ಗುಡ್ಡ ಹತ್ತುವುದಕ್ಕೆ ಅದು ಸರಿ, ನೇರ ಓಟದಲ್ಲಿ ಎಂಜಿನ್ನು ಅರಚಿ ಸಾಯುತ್ತದೆ. ಹಳೆಯ ಮಾದರಿಯವುಗಳಲ್ಲಿ ಡಿಫರೆನ್ಷಿಯಲ್ ನಡುವೆಯಿರದೆ ಬಲಕ್ಕೆ ಸರಿದಿರುತ್ತದೆ, ತೂಕವೋ ಹೇಳತೀರದು. ಕ್ರೌನ್ ವೀಲಿನ ವ್ಯಾಸ ಒಂದೇ ಆಗಿದ್ದರೆ ಹೆಚ್ಚು ಹಲ್ಲಿನ ಪಿನಿಯನ್ನು ದಪ್ಪ, ಗಟ್ಟಿ: ೪೧ಕ್ಕೆ ೧೦ರ ಜೋಡಿಗಿಂತ ೩೯ಕ್ಕೆ ೧೧ರ ಜೋಡಿ ಮೇಲು. ಬಿಚ್ಚದೆಯೇ ಗುಣಿತ ತಿಳಿಯಬೇಕಾದರೆ, ಒಂದು ಗಾಲಿಯನ್ನು ಕದಲದಂತೆ ಹಿಡಿದು ಇನ್ನೊಂದನ್ನು ಎರಡು ಸುತ್ತು ತಿರುಗಿಸಿ, ಪಿನಿಯನ್ನು ಎಷ್ಟು ಸುತ್ತಿತೆಂದು ಎಣಿಸಿದರಾಯಿತು. ಕೊನೆಗೆ ಮುಚ್ಚಳ ತೆಗೆಸಿ ನೋಡಬೇಕು. ಕ್ರೌನೂ ಪಿನಿಯನ್ನೂ ಕಾರ್ಖಾನೆಯಲ್ಲಿ ಒಂದರೊಡನೊಂದು ಉಜ್ಜಿ ಹೊಂದಿಸಿದ ದಂಪತಿಗಳು. ಎರಡರ ಮೇಲೂ ಒಂದೇ ಗುರುತಿನ ಸಂಖ್ಯೆ ಕೆತ್ತಿರುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರಸಿದರೆ ಅದು ಕಾಣುತ್ತದೆ. ಸಂಖ್ಯೆ ಬೇರೆಯಾಗಿದ್ದರೆ, ಅಂಗಡಿಯವನು ಎಷ್ಟು ಇಳಿಸಿ ಹೇಳಿದರೂ, ಮುಚ್ಚಳವನ್ನು ಮತ್ತೆ ಹಾಕಿಸಿ ಮುಂದಿನ ಅಂಗಡಿಗೆ ನಡೆಯುವುದು ಲೇಸು.