ಉಪಕೇಂದ್ರಕ್ಕೆ ಹೊರಟವರು

ಜೂನ್ 3, 2024, ಸೋಮವಾರ

ಹೊಸ ಸಿಎಚ್‌ಒಗಳ, ಅಂದರೆ ಆರೋಗ್ಯ ಉಪಕೇಂದ್ರ ನೋಡಿಕೊಳ್ಳುವ ಸಮುದಾಯ ಆರೋಗ್ಯ ಅಧಿಕಾರಿಗಳ, ತಂಡ ತರಬೇತಿಗೆ ಬಂತು. ಎಲ್ಲರೂ ಬಿಎಸ್ಸಿ ನರ್ಸಿಂಗ್ ಓದಿದವರು. ಬಯಲಿನಲ್ಲಿ ಒಂದು ಉಪಕೇಂದ್ರಕ್ಕೆ 5,000 ಜನ, ಗುಡ್ಡಗಾಡಿನಲ್ಲಿ 3,000 ಎಂಬುದು ಸರ್ಕಾರದ ಲೆಕ್ಕ. ಅಷ್ಟು ಜನಕ್ಕೆ ದಿನಾ ಕೈಗೆ ಸಿಗುವುದು ಡಾಕ್ಟರಲ್ಲ, ಇವರು. ಬಿಪಿಗೆ ಮಾತ್ರೆ ಬರೆಯುವುದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಾದರೂ ಅದನ್ನು ತಿಂಗಳು ತಿಂಗಳು ತಪ್ಪದೆ ನುಂಗಿಸಬೇಕಾದವರು ಇವರೇ.

ಬಿಪಿ ನೋಡುವುದರಿಂದಲೇ ಶುರುಮಾಡಿದೆ. “ಅದು ಗೊತ್ತು ಸಾರ್” ಅಂದರು. ಸಾಲಿನಲ್ಲಿದ್ದ ಅಜ್ಜನೊಬ್ಬನನ್ನು ಕರೆದು, ತುಂಬುತೋಳಿನ ಅಂಗಿಯ ಮೇಲೆಯೇ ಪಟ್ಟಿ ಸುತ್ತಿದರು. ಅಜ್ಜನ ಮಾತು ನಿಂತಿರಲಿಲ್ಲ, ಕೈ ಜೋತುಬಿದ್ದಿತ್ತು. 168 ಬಂತು. ಐದು ನಿಮಿಷ ಸುಮ್ಮನೆ ಕೂರಿಸಿ, ಅಂಗಿ ಬಿಚ್ಚಿಸಿ, ಕೈಯನ್ನು ಮೇಜಿನ ಮೇಲೆ ಎದೆಮಟ್ಟಕ್ಕಿಟ್ಟು ನೋಡಿದಾಗ 144. ಆಮೇಲೆ ಯಾರೂ “ಗೊತ್ತು” ಅನ್ನಲಿಲ್ಲ.

ಜೂನ್ 12, ಬುಧವಾರ

ಹಾವು ಕಡಿತದ ಪಾಠ. ಈ ವರ್ಷದಿಂದ ಕರ್ನಾಟಕದಲ್ಲಿ ಹಾವು ಕಡಿದ ಪ್ರತಿ ಪ್ರಕರಣವನ್ನೂ ವರದಿ ಮಾಡಲೇಬೇಕು. ಇಲ್ಲಿ ಹೆಚ್ಚು ಭಯ ಕೊಳಕುಮಂಡಲದ್ದು; ಅದರ ವಿಷಕ್ಕೆ ರಕ್ತ ಹೆಪ್ಪುಗಟ್ಟುವುದಿಲ್ಲ. ಒಣಗಿದ ಗಾಜಿನ ಟ್ಯೂಬಿಗೆ 2 ಎಂಎಲ್ ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಬಿಟ್ಟು, ಬಗ್ಗಿಸಿ ನೋಡಬೇಕು. ಹರಿದರೆ ವಿಷ ಏರಿದೆ. ಪ್ಲಾಸ್ಟಿಕ್ ಟ್ಯೂಬ್ ಆಗದು, ಸೋಪುಪುಡಿಯಲ್ಲಿ ತೊಳೆದದ್ದೂ ಆಗದು. ಈ ಪರೀಕ್ಷೆ ನಡೆಯುವುದು ಆಸ್ಪತ್ರೆಯಲ್ಲಿ. ಉಪಕೇಂದ್ರದಲ್ಲಿ ಮಾಡಬೇಕಾದದ್ದು ಇಷ್ಟೇ: ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಕೈಕಾಲು ಅಲುಗದಂತೆ ಮಾಡಿ, 108ಕ್ಕೆ ಕರೆಮಾಡಿ.

ಜೂನ್ 21, ಶುಕ್ರವಾರ

“ಜನ ನಮ್ಮನ್ನು ಅರ್ಧ ಡಾಕ್ಟರ್ ಅಂತಾರೆ ಸಾರ್” ಎಂದಳು ಒಬ್ಬಳು. ಸ್ವರದಲ್ಲಿ ಬೇಸರವಿತ್ತು.

ಡಾಕ್ಟರಲ್ಲದವರನ್ನು ಚಿಕಿತ್ಸೆಗೆ ತಯಾರುಮಾಡಿದ ಅಮೆರಿಕದ ಕಥೆ ಹೇಳಿದೆ. 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಯೂಜೀನ್ ಸ್ಟೆಡ್ ನೌಕಾಪಡೆಯಲ್ಲಿ ವೈದ್ಯಸಹಾಯಕರಾಗಿದ್ದ ನಾಲ್ವರನ್ನು ಆರಿಸಿ, ಫಿಸಿಷಿಯನ್ ಅಸಿಸ್ಟೆಂಟ್ ತರಬೇತಿ ಆರಂಭಿಸಿದರು. 1969ರಲ್ಲಿ ಸಿಯಾಟಲ್‌ನಲ್ಲಿ ರಿಚರ್ಡ್ ಸ್ಮಿತ್ ಇನ್ನೊಂದು ಹೆಜ್ಜೆ ಮುಂದೆ ಹೋದರು: ಮೂರು ತಿಂಗಳು ತರಗತಿ, ಮುಂದಿನ ಹನ್ನೆರಡು ತಿಂಗಳು ಹಳ್ಳಿಯ ವೈದ್ಯನ ಜೊತೆಗೇ ಕೆಲಸ. ಕಲಿಸಿದ ವೈದ್ಯನೇ ಕೆಲಸವನ್ನೂ ಕೊಡಬೇಕೆಂಬುದು ಅವರ ಲೆಕ್ಕಾಚಾರ. ನಮ್ಮಲ್ಲಿ 1992ರಲ್ಲಿ ಚೆನ್ನೈನಲ್ಲಿ ಡಾ. ಕೆ. ಎಂ. ಚೆರಿಯನ್ ಫಿಸಿಷಿಯನ್ ಅಸಿಸ್ಟೆಂಟ್ ಕೋರ್ಸ್ ತಂದರು. ಅದು ಬೆಳೆದದ್ದು ಹೃದಯದ ಆಪರೇಷನ್ ನಡೆಯುವ ದೊಡ್ಡ ಆಸ್ಪತ್ರೆಗಳಲ್ಲಿ. ಕಲಿತವರು ಬಹುಪಾಲು ನಗರದಲ್ಲೇ ಉಳಿದರು. ಎಲ್ಲಿ ಕಲಿಸುತ್ತೇವೋ ಅಲ್ಲೇ ಬೇರು ಬಿಡುತ್ತಾರೆ.

ಜುಲೈ 4, ಗುರುವಾರ

ತಂಡದಲ್ಲಿರುವ ಸೋಲಿಗ ಬುಡಕಟ್ಟಿನ ಹುಡುಗಿಯ ಜೊತೆ ಅವರ ಕಾಡಂಚಿನ ಹಾಡಿಗೆ, ಅಂದರೆ ಪೋಡಿಗೆ, ಹೋದೆ. ಮಗುವಿಗೆ ಆಗಾಗ ಕೀಲುನೋವು ಎಂದ ತಾಯಿ, ನಾನು ಕೇಳಿದ್ದಕ್ಕೆಲ್ಲ “ಹ್ಞೂಂ” ಅಂದಳು, ಅಷ್ಟೇ. ಈ ಹುಡುಗಿ ಜಗಲಿಯಲ್ಲಿ ಕೂತು ಅವರ ಮಾತಿನಲ್ಲೇ ಕೇಳಿದಳು. ಹಿರಿಯ ಮಗು ಹೀಗೇ ತೀರಿಹೋದದ್ದು, ಕಣ್ಣು ಹಳದಿಯಾಗುತ್ತಿದ್ದುದು ಎಲ್ಲ ಹೊರಬಂತು. ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯ ಪರೀಕ್ಷೆಗೆ ಬರೆದೆವು.

ವಾಪಸು ಬರುವಾಗ ಉಪಕೇಂದ್ರ ನೋಡಿದೆವು. ಗ್ಲುಕೋಮೀಟರ್ ಇದೆ, ಸ್ಟ್ರಿಪ್ ಇಲ್ಲ. ಅವಳ ನೌಕರಿಯೂ ಗುತ್ತಿಗೆಯದು.

ಕಾಡಂಚಿಗೆ ಬೇಕಾದವರನ್ನು ಕಾಡಂಚಿನಿಂದಲೇ ಆರಿಸಬೇಕು, ಅಲ್ಲೇ ಕಲಿಸಬೇಕು. ಕಲಿಸಿದ ಮೇಲೆ ಔಷಧಿ, ಸ್ಟ್ರಿಪ್, ಖಾಯಂ ಸಂಬಳ ಕೊಡಬೇಕು. ಇವಿಲ್ಲದೆ ಎಷ್ಟು ಚೆನ್ನಾಗಿ ಕಲಿಸಿದರೂ ಅದು ಸರ್ಟಿಫಿಕೇಟಿಗಷ್ಟೇ.