ಕಾಡು ಕಡಲಿಗೆ ಇಳಿಯುವಲ್ಲಿ

ಕಾಡನ್ನು ಕಾಣಬಯಸುವವರು ಮಲೆನಾಡಿನ ಕಡೆಗೂ ಕಡಲನ್ನು ಕಾಣಬಯಸುವವರು ಕರಾವಳಿಯ ಕಡೆಗೂ ಹೊರಡುವುದು ಲೋಕರೂಢಿ. ಎರಡು ಬಯಕೆಗಳನ್ನೂ ಒಂದೇ ಹಗಲಿನಲ್ಲಿ ಪೂರೈಸುವ ತಾಣಗಳು ವಿರಳ. ಅಂಥ ವಿರಳ ತಾಣಗಳಲ್ಲೊಂದು ನೆರೆಯ ಶ್ರೀಲಂಕೆಯ ಆಗ್ನೇಯ ಮೂಲೆಯಲ್ಲಿರುವ ಯಾಲ ರಾಷ್ಟ್ರೀಯ ಉದ್ಯಾನ. ಇಲ್ಲಿ ಅರಣ್ಯವು ಸಾಗರದ ಅಂಚಿನವರೆಗೂ ನಡೆದುಬಂದು ನಿಂತಿದೆ. ಆನೆಯ ಹೆಜ್ಜೆಯೂ ಆಮೆಯ ಜಾಡೂ ಒಂದೇ ಮರಳಿನ ಮೇಲೆ ಮೂಡಬಹುದಾದ ನೆಲವಿದು.

ಕೊಲಂಬೊ ನಗರದಿಂದ ಸುಮಾರು 300 ಕಿಲೋಮೀಟರು ದೂರದ ಈ ಕಾಡಿಗೆ ತಿಸ್ಸಮಹಾರಾಮವೇ ಹೆಬ್ಬಾಗಿಲು. ಅದು ಪುರಾತನ ಕೆರೆ, ಬೆಳ್ಳನೆಯ ಮಹಾಸ್ತೂಪಗಳ ಊರು. ನಸುಕಿನಲ್ಲೇ ಅಲ್ಲಿಂದ ಹೊರಟ ಜೀಪುಗಳು ಉಪ್ಪಿನ ಗದ್ದೆಗಳನ್ನು ದಾಟಿ, ಆರು ಗಂಟೆಯ ಹೊತ್ತಿಗೆ ಪಲಟುಪಾನದ ದ್ವಾರದಲ್ಲಿ ಸಾಲುಗಟ್ಟುತ್ತವೆ.

ಚಿರತೆಯ ರಾಜ್ಯ

ಒಟ್ಟು 979 ಚದರ ಕಿಲೋಮೀಟರು ವಿಸ್ತಾರದ ಈ ಉದ್ಯಾನದಲ್ಲಿ ಐದು ವಿಭಾಗಗಳಿವೆ. ಪ್ರವಾಸಿಗರಲ್ಲಿ ಹೆಚ್ಚಿನವರು ನೋಡುವುದು ಸುಮಾರು 141 ಚದರ ಕಿಲೋಮೀಟರಿನ ಮೊದಲನೆಯ ವಿಭಾಗವನ್ನು ಮಾತ್ರ. ದಟ್ಟ ಮಲೆಗಾಡನ್ನು ನಿರೀಕ್ಷಿಸಿ ಬಂದವರಿಗೆ ಮೊದಲ ನೋಟದಲ್ಲಿ ನಿರಾಶೆಯಾದರೂ ಆದೀತು. ಎಲ್ಲಿ ನೋಡಿದರೂ ಕುರುಚಲು, ಮುಳ್ಳುಪೊದೆ, ಕೆಂಪು ಮಣ್ಣಿನ ದಾರಿ. ನಡುನಡುವೆ ಕೆರೆಗಳು, ಹಿನ್ನೀರು, ಬೋಳು ಹೆಬ್ಬಂಡೆಗಳು. ಆದರೆ ಈ ವಿರಳತೆಯೇ ನೋಡುಗನ ಭಾಗ್ಯ. ಕಾಡು ಇಲ್ಲಿ ತನ್ನ ಗುಟ್ಟನ್ನು ಹೆಚ್ಚು ಹೊತ್ತು ಬಚ್ಚಿಡಲಾರದು.

ಕರ್ನಾಟಕದ ನಾಗರಹೊಳೆಯಲ್ಲಾಗಲಿ ಬಂಡೀಪುರದಲ್ಲಾಗಲಿ ಚಿರತೆಗೆ ಹುಲಿಯ ಭಯ ತಪ್ಪಿದ್ದಲ್ಲ. ಸಿಂಹಳದಲ್ಲಿ ಹುಲಿಯೂ ಇಲ್ಲ, ಹೆಸರಿನಲ್ಲಿ ಸಿಂಹವಿದ್ದರೂ ಕಾಡಿನಲ್ಲಿ ಸಿಂಹವಿಲ್ಲ. ಆದ್ದರಿಂದ ಇಲ್ಲಿ ಚಿರತೆಯೇ ಅರಸು. ಹಾಡುಹಗಲಿನಲ್ಲಿ ಬಂಡೆಯ ನೆತ್ತಿಯ ಮೇಲೆ ಮೈಚಾಚಿ ಮಲಗುತ್ತದೆ. ಜೀಪುಗಳ ನಡುವೆಯೇ ದಾರಿ ದಾಟುತ್ತದೆ. ಚಿರತೆಗಳ ದಟ್ಟಣೆ ಅತಿ ಹೆಚ್ಚಿರುವ ಲೋಕದ ತಾಣಗಳಲ್ಲಿ ಯಾಲದ ಮೊದಲ ವಿಭಾಗವನ್ನೂ ಎಣಿಸುತ್ತಾರೆ. ಜೂನ್, ಜುಲೈ ಸುಮಾರಿಗೆ ಪಾಲು ಎಂಬ ಮರದ ಹಳದಿ ಹಣ್ಣುಗಳು ಮಾಗಿದಾಗ, ಕರಡಿಗಳು ಕೊಂಬೆಯೇರಿ ಕುಳಿತು ಮೈಮರೆತು ಮೆಲ್ಲುವ ದೃಶ್ಯವೂ ದೊರಕುವುದುಂಟು. ಕೆರೆಯ ದಂಡೆಗಳಲ್ಲಿ ಮೊಸಳೆಗಳು ಬಾಯ್ದೆರೆದು ಬಿಸಿಲು ಕಾಯಿಸುತ್ತವೆ. ಬೇಸಗೆ ಬಿಗಿದಾಗ, ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ಈ ವಿಭಾಗಕ್ಕೆ ಬಾಗಿಲು ಹಾಕಿ ಮೃಗಗಳಿಗೆ ವಿರಾಮ ಕೊಡುವ ವಾಡಿಕೆಯಿದೆ.

ಕಾಡಿನ ನಡುವೆ ಹರಿಯುವ ಮಾಣಿಕ್ಯಗಂಗೆ, ಸಿಂಹಳರ ನುಡಿಯಲ್ಲಿ ಮೆಣಿಕ್ ಗಂಗಾ, ಸುಬ್ರಹ್ಮಣ್ಯನ ಕ್ಷೇತ್ರವಾದ ಕತರಗಾಮವನ್ನು ತೊಳೆದು ಬರುತ್ತದೆ. ಉತ್ತರದ ಜಾಫ್ನಾದ ಕಡೆಯಿಂದ ಪೂರ್ವ ಕರಾವಳಿಯುದ್ದಕ್ಕೂ ನಡೆದು ಬರುವ ತಮಿಳು ಯಾತ್ರಿಕರು, ವರ್ಷಕ್ಕೊಮ್ಮೆ ಈ ಕಾಡನ್ನು ಹಾದೇ ಆ ಸನ್ನಿಧಿಯನ್ನು ಸೇರುತ್ತಾರೆ. ಜೀಪಿನಿಂದ ಇಳಿಯಲು ಪ್ರವಾಸಿಗನಿಗೆ ಅಪ್ಪಣೆಯಿಲ್ಲದ ದಾರಿಯಲ್ಲಿ ಭಕ್ತರು ಹರನ ಕುಮಾರನನ್ನು ನೆನೆಯುತ್ತ ಬರಿಗಾಲಲ್ಲಿ ನಡೆಯುತ್ತಾರೆ.

ಬಂದಿಯಾಗಿ ಬಂದ ಕಾವಲುಗಾರ

1900ರಲ್ಲಿ ಮೃಗಧಾಮವೆನಿಸಿ 1938ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಕಾಡಿನ ಮೊದಲ ಕಾವಲಧಿಕಾರಿಯ ಕಥೆ ಕಾದಂಬರಿಗೆ ಕಡಮೆಯದಲ್ಲ. ಹೆನ್ರಿ ಎಂಗೆಲ್‌ಬ್ರೆಕ್ಟ್ ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಸೆರೆಸಿಕ್ಕು ಸಿಲೋನಿಗೆ ಬಂದವನು. ಬ್ರಿಟಿಷ್ ದೊರೆಗೆ ನಿಷ್ಠೆಯ ಪ್ರಮಾಣ ಮಾಡಲೊಲ್ಲದೆ ಸ್ವದೇಶವನ್ನೇ ತೊರೆದ. ಅದೇ ಸರಕಾರ ಅವನಿಗೆ ಯಾಲದ ಮೃಗಗಳ ರಕ್ಷಣೆಯನ್ನು ಒಪ್ಪಿಸಿತು! ಮೊದಲನೆಯ ಮಹಾಯುದ್ಧದಲ್ಲಿ, ಎಂಡನ್ ಎಂಬ ಜರ್ಮನ್ ಸಮರನೌಕೆಗೆ ಮಾಂಸ ಒದಗಿಸಿದನೆಂಬ ಸಂಶಯಕ್ಕೆ ಗುರಿಯಾಗಿ ಮತ್ತೆ ಸೆರೆಮನೆ ಕಂಡ. 1922ರಲ್ಲಿ ಅವನ ಆಯುಷ್ಯ ಮುಗಿಯಿತು; ಅವನು ಕಾದ ಕಾಡು ಉಳಿಯಿತು.

ಪಟನಂಗಲದ ದಡ

ಬೆಳಗಿನ ಸಂಚಾರ ಮುಗಿಸಿದ ಜೀಪುಗಳು ಪಟನಂಗಲವೆಂಬಲ್ಲಿ ಕಡಲಿಗೆ ಮುಖಮಾಡಿ ನಿಲ್ಲುತ್ತವೆ. ಇಲ್ಲಿ ಪ್ರವಾಸಿಗ ನೆಲಕ್ಕೆ ಕಾಲಿಡಬಹುದು. ಒಂದು ಬದಿಗೆ ಹೆಬ್ಬಂಡೆ, ಎದುರಿಗೆ ಹಿಂದೂ ಮಹಾಸಾಗರ. ತೆಂಕಣಕ್ಕೆ ದೃಷ್ಟಿ ಹಾಯಿಸಿದರೆ ಅಂಟಾರ್ಟಿಕದವರೆಗೂ ನೆಲವೆಂಬುದಿಲ್ಲ. ಇದೇ ಕರೆಯಾಚೆಯ ಬಂಡೆಸಾಲುಗಳನ್ನು ಸಿಂಹಳರು ರಾವಣಕೋಟೆಗಳೆಂದು ಕರೆಯುತ್ತಾರೆ. ಅವುಗಳ ಮೇಲೆ 1870ರ ದಶಕದಲ್ಲಿ ಕಟ್ಟಿದ ದೀಪಸ್ತಂಭಗಳಿವೆ.

ಆದರೆ ಈ ದಡದಲ್ಲಿ ನಿಂತವನ ಕಣ್ಣು ಸಮುದ್ರಕ್ಕಿಂತ ಮೊದಲು ನೆಡುವುದು ಸ್ಮಾರಕವೊಂದರ ಮೇಲೆ. ಅದರ ಬಳಿ ಕೊಚ್ಚಿಹೋದ ಬಂಗಲೆಯ ತಳಪಾಯವಿದೆ. 2004ರ ಡಿಸೆಂಬರ್ 26, ಭಾನುವಾರ, ಹುಣ್ಣಿಮೆ. ಸುಮಾತ್ರದ ಬಳಿ ಕಡಲತಳ ನಡುಗಿದ ಎರಡು ಗಂಟೆಗಳ ಮೇಲೆ ಸುನಾಮಿ ಈ ದಡವನ್ನು ಮುಟ್ಟಿತು. ರಜೆಗೆಂದು ಬಂದವರು, ಅವರನ್ನು ಕರೆತಂದವರು, ಮೀನುಗಾರರು ಭೇದವಿಲ್ಲದೆ ಬಲಿಯಾದರು. ಅರ್ಥಶಾಸ್ತ್ರಜ್ಞೆ ಸೋನಾಲಿ ದೇರಣಿಯಗಲ ಅವರು ಯಾಲದ ಅಂಚಿನಲ್ಲಿ ಆ ಬೆಳಗ್ಗೆ ತಂದೆ, ತಾಯಿ, ಪತಿ, ಇಬ್ಬರು ಪುತ್ರರನ್ನು ಕಳೆದುಕೊಂಡರು. ‘ವೇವ್’ ಎಂಬ ಅವರ ಪುಸ್ತಕ 2013ರಲ್ಲಿ ಹೊರಬಂದಿತು.

ಮೃಗಗಳ ಕಳೇಬರಗಳು ಮಾತ್ರ ಹೆಚ್ಚಾಗಿ ಕಾಣಲಿಲ್ಲ. ಪ್ರಾಣಿಗಳಿಗೆ ಮೊದಲೇ ತಿಳಿದಿತ್ತು, ಅವುಗಳಿಗೆ ಆರನೆಯ ಇಂದ್ರಿಯವಿದೆ ಎಂಬ ಸುದ್ದಿ ಜಗತ್ತನ್ನೆಲ್ಲ ಸುತ್ತಿತು. ಆದರೆ ಯಾಲದ ಆನೆಗಳೆರಡರ ಕೊರಳಿಗೆ ಆಗ ಉಪಗ್ರಹಕ್ಕೆ ಸಂಕೇತ ಕಳುಹಿಸುವ ಪಟ್ಟಿಗಳಿದ್ದವು. ಅವುಗಳ ಚಲನೆಯನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ವಿಜ್ಞಾನಿಗಳಿಗೆ ಅಂಥ ಮುನ್ನರಿವಿನ ಕುರುಹು ದೊರೆಯಲಿಲ್ಲ.

ಮರಳಿನ ಗೋಡೆ

ಹಾಗಾದರೆ ಕಾಡನ್ನು ಕಾದದ್ದು ಯಾವುದು? ಉತ್ತರ ಕಾಲ ಕೆಳಗೇ ಇದೆ. ಗಾಳಿ ಶತಮಾನಗಳಿಂದ ಕೂಡಿಟ್ಟ ಮರಳದಿಬ್ಬಗಳು ಈ ತೀರದುದ್ದಕ್ಕೂ ಎದ್ದು ನಿಂತಿವೆ. ಆಡಿನ ಗೊರಸಿನಂಥ ಎಲೆಯ ಅಡಂಬು ಬಳ್ಳಿ ಮರಳನ್ನು ಹೆಣೆದು ಹಿಡಿಯುತ್ತದೆ. ಅದರ ಹಿಂದೆ ಪೊದೆಗಳು ಬೇರೂರುತ್ತವೆ. ಅಲೆ ಒಳನುಗ್ಗಿದ್ದು ಬಹುಮಟ್ಟಿಗೆ ನದೀಮುಖಗಳಲ್ಲಿ, ದಿಬ್ಬಗಳ ಸಂದುಗಳಲ್ಲಿ. ದಿಬ್ಬ ಅಖಂಡವಾಗಿದ್ದೆಡೆ ಕಾಡು ಬದುಕಿತು. ಉದ್ಯಾನದ ಅಂಚಿನ ವಸತಿಗೃಹವೊಂದು ಅತಿಥಿಗಳಿಗೆ ಕಡಲು ಚೆನ್ನಾಗಿ ಕಾಣಲೆಂದು ಎದುರಿನ ದಿಬ್ಬದ ಒಂದಷ್ಟು ಭಾಗವನ್ನು ತೆಗೆಸಿತ್ತು. ಅದು ನೆಲಸಮವಾಯಿತೆಂದು 2005ರಲ್ಲಿ ಸಮೀಕ್ಷೆ ನಡೆಸಿದ ತಜ್ಞರು ದಾಖಲಿಸಿದ್ದಾರೆ.

ಸಿಂಹಳದ ಹಳೆಯ ಐತಿಹ್ಯವೊಂದು ಇದೇ ಕರೆಯದು. ಕಲ್ಯಾಣಿಯ ಅರಸ ನಿರಪರಾಧಿಯಾದ ಭಿಕ್ಷುವನ್ನು ಕೊಲ್ಲಿಸಲು ಕಡಲು ಉಕ್ಕಿ ನಾಡನ್ನು ನುಂಗಿತಂತೆ; ಅದನ್ನು ಶಾಂತಗೊಳಿಸಲು ಅರಸನ ಕುವರಿಯನ್ನು ದೋಣಿಯಲ್ಲಿರಿಸಿ ತೇಲಿಬಿಟ್ಟರಂತೆ. ಆ ದೋಣಿ ಬಂದು ತಗುಲಿದ್ದು ಯಾಲದ ಮಗ್ಗುಲಿನ ಕಿರಿಂದದಲ್ಲಿ ಎನ್ನುತ್ತಾರೆ. ಆಕೆಯೇ ದುಟ್ಟಗಾಮಣಿಯ ತಾಯಿ ವಿಹಾರಮಹಾದೇವಿ. ಕಿರಿಂದದ ಬಂಡೆಯ ಮೇಲಿನ ವಿಹಾರದಲ್ಲಿ ಆಕೆಯ ಪ್ರತಿಮೆ ಇಂದಿಗೂ ಕಡಲನ್ನು ನೋಡುತ್ತ ನಿಂತಿದೆ. ಕಡಲು ಉಕ್ಕಬಲ್ಲುದೆಂಬುದನ್ನು ಇಲ್ಲಿಯ ಜನ ಎರಡು ಸಾವಿರ ವರ್ಷಗಳಿಂದ ಕಥೆಯಾಗಿ ಹೇಳಿಕೊಂಡು ಬಂದಿದ್ದರು.

ಕಾಡನ್ನೂ ಕಡಲನ್ನೂ ಒಂದೇ ಬುತ್ತಿಯಲ್ಲಿ ಕಟ್ಟಿಕೊಳ್ಳುವ ಆಸೆಯಿಂದ ಯಾಲಕ್ಕೆ ಬರುವವರು ಇಂದು ಬಹಳ. ಚಿರತೆಯೊಂದು ಕಂಡಿತೆಂದರೆ ಹತ್ತಾರು ಜೀಪುಗಳು ಧೂಳೆಬ್ಬಿಸಿ ಮುತ್ತುತ್ತವೆ. ಹಾಗೆ ಬಂದವರು ಪಟನಂಗಲದಲ್ಲಿ ಒಂದು ಗಳಿಗೆ ಕಡಲಿಗೆ ಬೆನ್ನುಮಾಡಿ, ದಿಬ್ಬವನ್ನು ನೋಡುವುದು ಒಳ್ಳೆಯದು. ಅದು ನೋಟಕ್ಕೆ ಅಡ್ಡಿ, ನಡೆಯಲು ಪ್ರಯಾಸ, ಚಿತ್ರ ತೆಗೆಯಲು ಚೆಲುವಿಲ್ಲ. ಆದರೂ ಚಿರತೆ ಬಂಡೆಯ ಮೇಲೆ ನಿಶ್ಚಿಂತೆಯಿಂದ ಮಲಗಿರುವುದು ಅದರ ಮರೆಯಲ್ಲಿ.