ಕಾಟ್ಪಾಡಿಯಲ್ಲಿ ಇಳಿದ ಎರಡು ದಿನ

ಚೆನ್ನೈನಲ್ಲಿರುವ ನಮ್ಮಂಥ ಕನ್ನಡಿಗರಿಗೆ ಕಾಟ್ಪಾಡಿ ಎಂದರೆ ಇಳಿಯುವ ಸ್ಟೇಷನ್ ಅಲ್ಲ. ಊರಿಗೆ ಹೋಗುವಾಗ ರೈಲು ಸ್ವಲ್ಪ ಹೊತ್ತು ನಿಲ್ಲುವ, ಬಾಗಿಲಲ್ಲಿ ನಿಂತು ವಡೆ, ಕಾಫಿ ತೆಗೆದುಕೊಳ್ಳುವ ಜಾಗ. 14 ವರ್ಷಗಳಲ್ಲಿ ಲೆಕ್ಕವಿಲ್ಲದಷ್ಟು ಸಲ ಅದನ್ನು ದಾಟಿದ್ದೇನೆ. ಇಳಿದದ್ದು ಮಾತ್ರ 2024ರಲ್ಲಿ, ಅದೂ ನಾದಿನಿಯ ದೆಸೆಯಿಂದ.

ನಾದಿನಿ ಚೆನ್ನೈನಲ್ಲೇ ಮೂತ್ರಪಿಂಡದ ವೈದ್ಯಶಾಸ್ತ್ರ, ಅಂದರೆ ನೆಫ್ರಾಲಜಿಯಲ್ಲಿ ಡಿಎಂ ಓದುತ್ತಿದ್ದಾಳೆ. ಎಂಬಿಬಿಎಸ್ ಐದೂವರೆ ವರ್ಷ, ಎಂಡಿ ಮೂರು ವರ್ಷ, ಅದರ ಮೇಲೆ ಈ ಡಿಎಂ ಮತ್ತೆ ಮೂರು ವರ್ಷ. ನಾನು ಎಂ.ಟೆಕ್ ಮುಗಿಸಿ ಕೆಲಸಕ್ಕೆ ಸೇರಿ ತಲೆಕೂದಲು ಉದುರಿಸಿಕೊಂಡರೂ ಅವಳ ಪರೀಕ್ಷೆಗಳು ಇನ್ನೂ ಮುಗಿದಿಲ್ಲ. ಒಂದು ಭಾನುವಾರ ಮನೆಗೆ ಊಟಕ್ಕೆ ಬಂದವಳು ಕೇಳಿದಳು: "ಭಾವ, ವೆಲ್ಲೂರಿನಲ್ಲಿ ನಮ್ಮಂಥ ಸ್ಟೂಡೆಂಟುಗಳಿಗೆ ಎರಡು ದಿನದ ಟೀಚಿಂಗ್ ಕಾನ್ಫರೆನ್ಸ್ ಇದೆ. ಬೇರೆ ಊರಿನ ಮೇಷ್ಟ್ರುಗಳು ವಿಡಿಯೋದಲ್ಲಿ ಬರ್ತಾರೆ. ಹೋದ ಸಲ ಅರ್ಧ ದಿನ ಮೈಕೇ ಕೇಳಿಸಲಿಲ್ಲ. ನಿಮಗೆ ಕಂಪ್ಯೂಟರ್ ಗೊತ್ತಲ್ಲ, ಬರ್ತೀರಾ?"

ಸಾಫ್ಟ್‌ವೇರಿನವನು ಎಂದರೆ ನೆಂಟರ ಕಣ್ಣಿಗೆ ಪ್ರಿಂಟರಿನಿಂದ ಪ್ರೊಜೆಕ್ಟರ್‌ವರೆಗೆ ಎಲ್ಲ ರಿಪೇರಿ ಬಲ್ಲವನು. ಅದಕ್ಕೆ ಬೇಸರವಿಲ್ಲ. ಹಿಂಜರಿದದ್ದು ಬೇರೆ ಕಾರಣಕ್ಕೆ. ಅಪ್ಪ ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡು ಎರಡು ವರ್ಷವಾಗಿತ್ತು. ಆ ಕಾಯಿಲೆಯ ಹೆಸರು ಕೇಳಿದರೆ ಡಾಕ್ಟರುಗಳ ಮೇಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಮೊದಲೇ ಯಾರೂ ಯಾಕೆ ಹೇಳಲಿಲ್ಲ ಎಂಬ ಒಂದೇ ಪ್ರಶ್ನೆ. ಆದರೂ ಹೆಂಡತಿ ಕಣ್ಣಲ್ಲೇ ಸನ್ನೆ ಮಾಡಿದಳು, ಒಪ್ಪಿಕೊಂಡೆ.

ಶುಕ್ರವಾರ ಮಧ್ಯಾಹ್ನದ ಲಾಲ್‌ಬಾಗ್ ಎಕ್ಸ್‌ಪ್ರೆಸ್ ಹಿಡಿದು ಎರಡು ಗಂಟೆಯಲ್ಲಿ ಕಾಟ್ಪಾಡಿ. ಅಲ್ಲಿಂದ ವೆಲ್ಲೂರು ಪೇಟೆಗೆ ಆಟೋದಲ್ಲಿ ಹೋಗುವಾಗ ಉದ್ದದ ಸೇತುವೆಯೊಂದು ಸಿಗುತ್ತದೆ. ಕೆಳಗೆ ಮರಳು, ಮುಳ್ಳುಗಿಡ, ಅಲ್ಲಲ್ಲಿ ಒಂದಿಷ್ಟು ನೀರು. "ಇದು ಪಾಲಾರ್" ಎಂದ ಆಟೋದವನು. ನಮ್ಮ ನಂದಿಬೆಟ್ಟದಲ್ಲಿ ಹುಟ್ಟಿ, ಕೋಲಾರದ ಕಡೆಯಿಂದ ಆಂಧ್ರ ದಾಟಿ ಬರುವ ಅದೇ ನದಿ.

ವೆಲ್ಲೂರು ವೈದ್ಯರ ಊರು. ಅಮೆರಿಕದ ಮಿಷನರಿ ಕುಟುಂಬದ ಐಡಾ ಸ್ಕಡರ್ 1900ರಲ್ಲಿ ಇಲ್ಲಿ ಒಂದೇ ಹಾಸಿಗೆಯ ಚಿಕಿತ್ಸಾಲಯ ತೆರೆದರು. ಅದೇ ಬೆಳೆದು ಕ್ರಿಶ್ಚಿಯನ್ ಮೆಡಿಕಲ್ ಕಾಲೇಜ್ ಆಯಿತು. ಭಾರತದ ಮೊದಲ ಯಶಸ್ವಿ ಮೂತ್ರಪಿಂಡ ಕಸಿ 1971ರಲ್ಲಿ ನಡೆದದ್ದೂ ಅಲ್ಲೇ. ಆಸ್ಪತ್ರೆಯ ಎದುರಿನ ಬೀದಿಗಳಲ್ಲಿ ನಡೆದರೆ ತಮಿಳುನಾಡಿನಲ್ಲಿದ್ದೇವೆ ಎಂಬುದೇ ಮರೆಯುತ್ತದೆ. ಲಾಡ್ಜುಗಳ ಬೋರ್ಡಿನಲ್ಲಿ ಬಂಗಾಳಿ, ಹೋಟೆಲಿನಲ್ಲಿ ಮೀನುಸಾರು ಅನ್ನ. ಬಂಗಾಳ, ಜಾರ್ಖಂಡ್, ಈಶಾನ್ಯದ ಕಡೆಯಿಂದ ಎರಡು ರಾತ್ರಿ ರೈಲಿನಲ್ಲಿ ಕೂತು ಬಂದವರು. ಒಂದು ಕೈಯಲ್ಲಿ ದಪ್ಪ ಫೈಲು, ಇನ್ನೊಂದು ಕೈಯಲ್ಲಿ ರೋಗಿಯ ತೋಳು. ಆ ಫೈಲು ಹಿಡಿದು ಓಡಾಡಿದವರಿಗೆ ಅದರ ಭಾರ ಗೊತ್ತು.

ಕಾನ್ಫರೆನ್ಸ್ ಎಂದರೆ ಕೋಟು, ಹಾರ, ಭಾಷಣ ಎಂದುಕೊಂಡಿದ್ದೆ. ಅಲ್ಲಿದ್ದದ್ದು ದೊಡ್ಡ ತರಗತಿಯಂಥ ಹಾಲ್, ಸುಮಾರು 60 ಮಂದಿ, ಎಲ್ಲರ ಕಣ್ಣಲ್ಲೂ ನೈಟ್ ಡ್ಯೂಟಿಯ ನಿದ್ದೆ. ಹಿಂದಿನ ಸಾಲಿನಲ್ಲಿ ಎರಡು ಲ್ಯಾಪ್‌ಟಾಪ್, ಒಂದು ಮಿಕ್ಸರ್ ಇಟ್ಟುಕೊಂಡು ಕೂತೆ. ಮೈಕು ಸರಿಯಾಗಿದ್ದರೆ ನನಗೆ ಬೇರೆ ಕೆಲಸವಿಲ್ಲ. ಹಾಗಾಗಿ ಕೇಳುತ್ತ ಕೂತೆ.

ಇಂಥ ಪಾಠದ ಕ್ರಮವೇ ಬೇರೆ. ರೋಗಿಯ ಹೆಸರು, ಊರು ತೆಗೆದುಹಾಕಿ ವಿವರ ಮಾತ್ರ ಪರದೆಯ ಮೇಲೆ ಹಾಕುತ್ತಾರೆ. ಒಬ್ಬ ವಿದ್ಯಾರ್ಥಿ ಎದ್ದು ನಿಂತು, ಇದು ಯಾವ ಕಾಯಿಲೆ ಇರಬಹುದು, ಯಾಕೆ, ಯಾವುದು ಅಲ್ಲ, ಯಾಕಲ್ಲ ಎಂದು ಎಲ್ಲರ ಮುಂದೆ ಗಟ್ಟಿಯಾಗಿ ಯೋಚಿಸಬೇಕು. ಮೇಷ್ಟ್ರುಗಳು ನಡುನಡುವೆ ಪ್ರಶ್ನೆ ಎಸೆಯುತ್ತಾರೆ. ಕೊನೆಗೆ ಪೆಥಾಲಜಿಯವರು ಬಯಾಪ್ಸಿಯ ಸ್ಲೈಡು ತೋರಿಸಿ ಉತ್ತರ ಬಿಚ್ಚಿಡುತ್ತಾರೆ. ನಮ್ಮ ಆಫೀಸಿನಲ್ಲಿ ಸರ್ವರ್ ಬಿದ್ದ ಮೇಲೆ ಆರ್‌ಸಿಎ ಮೀಟಿಂಗ್ ಮಾಡುತ್ತೇವಲ್ಲ, ಯಾಕೆ ಬಿತ್ತು, ಎಲ್ಲಿ ತಪ್ಪಿತು ಎಂದು, ಸುಮಾರು ಹಾಗೆ. ಇಲ್ಲಿ ಬಿದ್ದದ್ದು ಮನುಷ್ಯರು, ಅಷ್ಟೇ ವ್ಯತ್ಯಾಸ.

ಬೆಳಗಿನ ಮೊದಲ ಕೇಸು, ವರ್ಷಗಟ್ಟಲೆ ಕೀಲುವಾತ ಇದ್ದ ಹೆಂಗಸು. ಕಾಲು ಊದಿದೆ, ಮೂತ್ರದಲ್ಲಿ ಪ್ರೋಟೀನು ಹೋಗುತ್ತಿದೆ. ಎದ್ದು ನಿಂತ ಹುಡುಗ ಬೆವರುತ್ತ ನಾಲ್ಕು ಕಾಯಿಲೆಗಳ ಹೆಸರು ಹೇಳಿದ. ಆಮೇಲೆ ಪರದೆಯ ಮೇಲೆ ಸೂಜಿಯಿಂದ ತೆಗೆದ ಅಂಗಾಂಶದ ಚೂರು ಬಂತು. ಕಾಂಗೋ ರೆಡ್ ಎಂಬ ಬಣ್ಣ ಹಾಕಿದ್ದಾರೆ. ನೂಲಿನ ಉಂಡೆಯಂಥ ಗ್ಲೊಮೆರುಲಸ್‌ಗಳು ಕೆಂಪಾಗಿ ಕಂಡವು. ಧ್ರುವೀಕರಿಸಿದ ಬೆಳಕು ಹಾಯಿಸಿದ ಚಿತ್ರ ಬಂದದ್ದೇ ಆ ಕೆಂಪೆಲ್ಲ ಹಸಿರು ಸೇಬಿನ ಬಣ್ಣಕ್ಕೆ ತಿರುಗಿತು. "ಅಮಿಲಾಯ್ಡ್" ಎಂದು ಇಡೀ ಹಾಲ್ ಒಟ್ಟಿಗೆ ಪಿಸುಗುಟ್ಟಿತು. ಹುಡುಗ ಹೇಳಿದ್ದ ನಾಲ್ಕರಲ್ಲಿ ಅದು ಮೂರನೆಯದು. ಅವನು ಕೂತು ನೀರು ಕುಡಿದದ್ದು ನೋಡಿ ನನಗೂ ಸಮಾಧಾನವಾಯಿತು.

ಮಧ್ಯಾಹ್ನದ ಕೇಸು ಮಾತ್ರ ನನ್ನನ್ನು ಅಲ್ಲಾಡಿಸಿತು.

56 ವರ್ಷದ ರೈತ. ಬಿಪಿ ಇದೆ, ಮಂಡಿನೋವಿಗೆ ಮಾತ್ರೆ ನುಂಗುತ್ತಿದ್ದ. ವಾಂತಿ, ಸುಸ್ತು ಎಂದು ಬಂದಾಗ ಕ್ರಿಯಾಟಿನಿನ್ 11. ಸ್ಕ್ಯಾನಿನಲ್ಲಿ ಎರಡೂ ಮೂತ್ರಪಿಂಡ ಕುಗ್ಗಿವೆ. ಹೀಗೆ ಕುಗ್ಗಿದ ಮೇಲೆ ಬಯಾಪ್ಸಿ ಮಾಡಿಯೂ ಹೆಚ್ಚೇನೂ ಪ್ರಯೋಜನವಿಲ್ಲವಂತೆ. ಹಾಗಾಗಿ ತೋರಿಸಲು ಸ್ಲೈಡೇ ಇಲ್ಲ. ಹತ್ತಿ ಸೀರೆಯುಟ್ಟ ಹಿರಿಯ ಪ್ರೊಫೆಸರ್ ಒಬ್ಬರು ಮುಂದಿನ ಸಾಲಿನಿಂದ ಕೇಳಿದರು: "ಹಳೇ ಕಾಗದ ಏನಾದರೂ ಇತ್ತಾ?"

ಕೇಸು ತಂದಿದ್ದ ಹುಡುಗಿ ಒಂದು ಚಿತ್ರ ಹಾಕಿದಳು. ಆರು ವರ್ಷ ಹಿಂದಿನ ಲ್ಯಾಬ್ ರಿಪೋರ್ಟು. ಕ್ರಿಯಾಟಿನಿನ್ ಮಾಮೂಲು. ಮೂತ್ರದಲ್ಲಿ ಆಲ್ಬುಮಿನ್: 2+.

"ಇದನ್ನು ಯಾರು ನೋಡಿದರು?"

"ಎರಡು ಮೂರು ಕಡೆ ತೋರಿಸಿದ್ದಾರಂತೆ, ಮೇಡಂ."

"ತೋರಿಸಿದ್ದು ಸರಿ. ಓದಿದವರು ಯಾರು? ರೋಗಿಗೆ ಹೇಳಿದವರು ಯಾರು?"

ಹಾಲ್ ಸದ್ದಿಲ್ಲದಾಯಿತು. ಆಕೆ ಬೈಯಲಿಲ್ಲ. ನಿಧಾನವಾಗಿ ಬೋರ್ಡಿನ ಮೇಲೆ ಬರೆದರು. ಒಂದೊಂದು ಮೂತ್ರಪಿಂಡದಲ್ಲೂ ಸುಮಾರು 10 ಲಕ್ಷ ಸೋಸುವ ಘಟಕಗಳು. ಎರಡೂ ಸೇರಿ ದಿನಕ್ಕೆ 180 ಲೀಟರ್ ಸೋಸಿ, ಬೇಕಾದ್ದನ್ನೆಲ್ಲ ವಾಪಸು ತೆಗೆದುಕೊಂಡು, ಒಂದೂವರೆ ಲೀಟರಿನಷ್ಟು ಮಾತ್ರ ಹೊರಗೆ ಬಿಡುತ್ತವೆ. ಇಷ್ಟು ಧಾರಾಳವಾಗಿ ಇರುವುದರಿಂದಲೇ ಅರ್ಧದಷ್ಟು ಶಕ್ತಿ ಹೋಗುವವರೆಗೂ ರಕ್ತದ ಕ್ರಿಯಾಟಿನಿನ್ ಸರಿಯಾಗಿಯೇ ಕಾಣಬಹುದು. ಜರಡಿ ಸೋರುತ್ತಿದೆ ಎಂದು ಎಷ್ಟೋ ಸಲ ಮೊದಲು ಹೇಳುವುದು ಮೂತ್ರದ ಆಲ್ಬುಮಿನ್. "ಇದು ಅಪರೂಪದ ಕೇಸಲ್ಲ, ಅದಕ್ಕೇ ಇಟ್ಟಿದ್ದು" ಎಂದರು. "ಸೋಮವಾರ ಓಪಿಡಿಗೆ ಹೋದಾಗ ಈ ಸಾಲನ್ನು ಮೊದಲು ಓದಿ. ಓದಿದ್ದನ್ನು ರೋಗಿಗೆ ಅವರ ಭಾಷೆಯಲ್ಲಿ ಹೇಳಿ."

ನಾನು ಇಷ್ಟು ದಿನ ಸಿಟ್ಟಿನಿಂದ ಕೇಳುತ್ತಿದ್ದ ಪ್ರಶ್ನೆಯನ್ನು ಅವರೇ ಅವರಿಗೆ ಕೇಳಿಕೊಳ್ಳುತ್ತಿದ್ದರು.

ಟೀ ಬ್ರೇಕಿನಲ್ಲಿ ಫೋನು ತೆಗೆದೆ. ಅಪ್ಪನ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿ ಡ್ರೈವಿನಲ್ಲಿ ಇಟ್ಟಿದ್ದೇನೆ. ಎಲ್ಲಕ್ಕಿಂತ ಹಳೆಯದು 2013ರದ್ದು. ಮೊದಲ ಸಲ ಒಳ್ಳೆಯ ಇನ್‌ಕ್ರಿಮೆಂಟ್ ಸಿಕ್ಕಾಗ ನಾನೇ ಅಪ್ಪನನ್ನು ತಿಪಟೂರಿನಿಂದ ಬೆಂಗಳೂರಿಗೆ ಕರೆಸಿ ಮಾಡಿಸಿದ್ದ ಹೆಲ್ತ್ ಚೆಕಪ್. ಶುಗರ್ ಇಲ್ಲ, ಕೊಲೆಸ್ಟರಾಲ್ ಸರಿ, ಕ್ರಿಯಾಟಿನಿನ್ 1.2. "ಎಲ್ಲಾ ನಾರ್ಮಲ್ ಅಪ್ಪ" ಎಂದು ಹೇಳಿ ಮಸಾಲೆ ದೋಸೆ ಕೊಡಿಸಿದ್ದು ನೆನಪಿದೆ. ನಾಲ್ಕನೇ ಪುಟದ ಕೊನೆಯಲ್ಲಿ ಇತ್ತು. ಯೂರಿನ್ ಆಲ್ಬುಮಿನ್: 2+.

ಆ ರಿಪೋರ್ಟನ್ನು ಯಾವ ಡಾಕ್ಟರಿಗೂ ತೋರಿಸಿರಲಿಲ್ಲ. ನೋಡಿದವನು ನಾನೊಬ್ಬನೇ.

ಅಪ್ಪನಿಗೆ 2019ರಲ್ಲಿ ಡಯಾಲಿಸಿಸ್ ಶುರುವಾಯಿತು. ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೂ ನಾಲ್ಕು ಗಂಟೆ. ನೀರು ಅಳೆದು ಕುಡಿಯಬೇಕು. ಪೊಟ್ಯಾಸಿಯಂ ಜಾಸ್ತಿ ಎಂದು ಎಳನೀರು ಪೂರ್ತಿ ಬಂದ್. ಮನೆಯ ಹಿಂದೆ 80 ತೆಂಗಿನ ಮರ ಇಟ್ಟುಕೊಂಡವರು ಮೂರು ವರ್ಷ ಒಂದು ಎಳನೀರು ಕುಡಿಯದೆ ಹೋದರು.

ಸಂಜೆ ನಾದಿನಿ ಕೋಟೆ ನೋಡೋಣ ಎಂದು ಕರೆದುಕೊಂಡು ಹೋದಳು. ವಿಜಯನಗರದ ಕಾಲದ ಕೋಟೆ, ಸುತ್ತ ಅಗಲವಾದ ಕಂದಕ, ಅದರ ತುಂಬ ನೀರು. ಒಳಗೆ ಜಲಕಂಠೇಶ್ವರನ ಗುಡಿ. ಬಹುಕಾಲ ಮೂರ್ತಿಯಿಲ್ಲದೆ ಇದ್ದ ಗುಡಿಯಲ್ಲಿ 1981ರಲ್ಲಿ ಮತ್ತೆ ಲಿಂಗ ಸ್ಥಾಪನೆಯಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳು, ಮನೆಯವರನ್ನು ತಂದು ಇಟ್ಟದ್ದು ಈ ಕೋಟೆಯಲ್ಲೇ. 1806ರ ಜುಲೈನಲ್ಲಿ ಸಿಪಾಯಿಗಳು ಇಲ್ಲಿ ದಂಗೆ ಎದ್ದ ಮೇಲೆ ಅವರನ್ನು ಕಲ್ಕತ್ತಕ್ಕೆ ಸಾಗಿಸಿದರು. ಊರು ಬಿಟ್ಟು ಬಂದ ನಮ್ಮ ಕಡೆಯವರು ಇಲ್ಲಿಯ ಮಣ್ಣಿಗೆ ಹೊಸಬರೇನಲ್ಲ.

ಕಂದಕದ ಕಟ್ಟೆಯ ಮೇಲೆ ಕೂತು ಅವಳಿಗೆ ಫೋನು ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು.

"ಆಗಲೇ ಗೊತ್ತಾಗಿದ್ದರೆ ಅಪ್ಪ ಇರ್ತಿದ್ದರಾ?" ಎಂದೆ.

"ಗೊತ್ತಿಲ್ಲ ಭಾವ. ಬಿಪಿ ಹತೋಟಿಗೆ ತಂದು, ಪ್ರೋಟೀನು ಹೋಗೋದು ಕಡಿಮೆ ಮಾಡೋ ಮಾತ್ರೆ ಕೊಟ್ಟು, ನೋವಿನ ಮಾತ್ರೆ ಬಿಡಿಸಿದ್ದರೆ ಡಯಾಲಿಸಿಸ್ ಕೆಲವು ವರ್ಷ ಮುಂದಕ್ಕೆ ಹೋಗ್ತಿತ್ತೇನೋ. ಸುಳ್ಳು ಸಮಾಧಾನ ಹೇಳಲ್ಲ. ಆದರೆ ನೀವು ಡಾಕ್ಟರಲ್ಲ. ಆ ಕೊನೇ ಪುಟ ಓದಿ ಹೇಳೋದು ನಮ್ಮ ಕೆಲಸ. ಅದನ್ನ ಕಲಿಯೋಕೇ ಇಲ್ಲಿಗೆ ಬಂದಿರೋದು."

ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ನಿಮ್ಮದು ಯಾವಾಗ ಮಾಡಿಸಿದ್ದೀರಿ?"

ಉತ್ತರ ಹೇಳಲು ನಾಚಿಕೆಯಾಯಿತು. ಅಪ್ಪ ಹೋದಮೇಲೆ ನಾನು ಯಾವ ಪರೀಕ್ಷೆಯನ್ನೂ ಮಾಡಿಸಿರಲಿಲ್ಲ. ಆಫೀಸಿನ ಕ್ಯಾಂಪಿನಲ್ಲಿ ಒಮ್ಮೆ ಬಿಪಿ 150 ಬಂದಾಗ ಕಾಫಿ ಕುಡಿದು ಬಂದದ್ದಕ್ಕೆ ಎಂದು ನಕ್ಕು ಎದ್ದು ಬಂದಿದ್ದೆ. ನಿಜ ಹೇಳಬೇಕೆಂದರೆ ಭಯ.

ಭಾನುವಾರ ಮಧ್ಯಾಹ್ನದವರೆಗೂ ಮೈಕು ಕೈಕೊಡಲಿಲ್ಲ. ನಾದಿನಿಯೂ ಒಂದು ಕೇಸು ಹೇಳಿದಳು. ಒಂದು ಪ್ರಶ್ನೆಗೆ "ಗೊತ್ತಿಲ್ಲ ಸರ್, ಓದಿಕೊಂಡು ಬರ್ತೀನಿ" ಎಂದಳು, ಯಾರೂ ನಗಲಿಲ್ಲ. ಮುಂದೆ ಎಲ್ಲೋ ಒಂದು ಊರಿನಲ್ಲಿ ಇವಳ ಎದುರು ನನ್ನಂಥ ಮಗನೊಬ್ಬ ಫೈಲು ಹಿಡಿದು ಕೂರುತ್ತಾನೆ ಎನಿಸಿತು.

ಮಂಗಳವಾರ ಬೆಳಗ್ಗೆ ನಮ್ಮ ಬೀದಿಯ ಲ್ಯಾಬಿಗೆ ಹೋದೆ. ರಕ್ತ, ಮೂತ್ರ ಎರಡೂ ಕೊಟ್ಟೆ. ತಿಪಟೂರಿನಲ್ಲಿರುವ ಅಣ್ಣನಿಗೂ ಫೋನು ಮಾಡಿ, ಬಯ್ದು, ಮಾಡಿಸಿದೆ. ನಿಮ್ಮ ಮನೆಯಲ್ಲಿ ಬಿಪಿ, ಶುಗರ್ ಇದ್ದವರು, ನೋವಿಗೆ ಮಾತ್ರೆ ನುಂಗುವವರು, ಊರಿನಲ್ಲಿ ಒಬ್ಬರೇ ಇರುವ ಅಪ್ಪ ಅಮ್ಮ ಇದ್ದರೆ ನೀವೂ ಮಾಡಿಸಿ. ದೊಡ್ಡ ಪ್ಯಾಕೇಜು ಬೇಕಿಲ್ಲ.

ರಿಪೋರ್ಟು ಸಂಜೆ ಫೋನಿಗೆ ಬಂತು. ಕ್ರಿಯಾಟಿನಿನ್ ಸರಿ ಇತ್ತು. ಅಲ್ಲಿಗೇ ನಿಲ್ಲಿಸಲಿಲ್ಲ, ಕೊನೆಯ ಪುಟದವರೆಗೂ ಓದಿದೆ. ಆಲ್ಬುಮಿನ್: 1+. ನಾದಿನಿಗೆ ಕಳಿಸಿದೆ. "ಹೆದರಬೇಡಿ ಭಾವ, ಇನ್ನೊಂದು ಸಲ ಮಾಡಿಸಬೇಕು, ಬಿಪಿಗೆ ಔಷಧಿ ಶುರು ಮಾಡಬೇಕು. ನಾಳೆ ಹತ್ತು ಗಂಟೆಗೆ ಓಪಿಡಿಗೆ ಬನ್ನಿ" ಎಂದು ಉತ್ತರ ಬಂತು.

ಹೋದೆ. ಅಪ್ಪನ ಹಳೇ ಫೈಲನ್ನೂ ಜೊತೆಗೆ ಒಯ್ದಿದ್ದೆ.